ಸಿಡಿಲಣ್ಣ ತಿರುಗಿ ನೋಡಲಿಲ್ಲ

ಹೆಜಮಾಡಿ
24-9-2023

ಮುದ್ದಿನ ಧೃತಿಗೆ ಅಜ್ಜಿ ಮಾಡುವ ಆಶೀರ್ವಾದ.

ಮಂಡಿನೋವು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ನೀನು ಚಿತ್ರ ಬಿಡಿಸಿ ಮಣಿಪಾಲದಿಂದ ಕಳಿಸಿದ ಪುಸ್ತಕ ಅಷ್ಟಮಿಗೆ ಮೊದಲೇ ಬಂತು. ಉತ್ತರ ತಡವಾಯಿತು, ಬೇಸರ ಮಾಡಬೇಡ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತಿ, ಅದಕ್ಕೇ ಈ ಕಾಗದ. ಮೂರನೇ ಕ್ಲಾಸಿನ ಅಕ್ಷರ, ಸುಧಾರಿಸಿಕೋ.

ಪುಸ್ತಕ ಬಂದ ದಿನ ನನ್ನ ಜಂಬ ನೀನು ನೋಡಬೇಕಿತ್ತು. ತೆರೆದೂ ನೋಡದೆ ಪ್ಲಾಸ್ಟಿಕ್ ಸುತ್ತಿ ಪಡುಬಿದ್ರಿ ಮೀನು ಮಾರ್ಕೆಟಿಗೆ ಒಯ್ದೆ. "ಹಿಂದೆ ಟಿ.ವಿ.ಯಲ್ಲಿ ಸಿಡಿಲಣ್ಣ ಬರುತ್ತಿದ್ದನಲ್ಲ, ನನ್ನ ಪುಳ್ಳಿ ಅವನನ್ನು ಪುಸ್ತಕದಲ್ಲಿ ಮತ್ತೆ ಎಬ್ಬಿಸಿದ್ದಾಳೆ" ಎಂದು ಎಲ್ಲರಿಗೂ ಹೇಳಿದೆ. ನೆರೆಮನೆಯ ಒಲಿಂಡಾ ಬಾಯಿ ಬಂಗುಡೆ ಕೊಳ್ಳಲು ಬಂದವರು ಕನ್ನಡಕ ಏರಿಸಿ ನೋಡಿದರು. "ಇದೆಂತ ಅಪ್ಪಿಯಕ್ಕ, ಜೈಲಿನಿಂದ ಬಿಟ್ಟವನ ಹಾಗೆ ಉಂಟು! ಇವನ ಹೊಟ್ಟೆ ಎಲ್ಲಿ? ನಗು ಎಲ್ಲಿ?" ಎಂದರು.

ಹೌದು, ಎಲ್ಲಿ? ಹಳದಿ ಶಾಲು ಹೊದ್ದು ಹೊಟ್ಟೆ ಕುಣಿಸಿ ನಗುತ್ತಿದ್ದವನಿಗೆ ಕರಿ ಅಂಗಿ ತೊಡಿಸಿದ್ದಿ. ಮೈಯಂತೂ ಒಣಗಲು ಹಾಕಿದ ತೊರಕೆ ಮೀನು. ಕ್ಷೌರ ಇಲ್ಲ, ಸ್ನಾನ ಮಾಡಿದ ಲಕ್ಷಣವೂ ಇಲ್ಲ. ಪುಟ ತಿರುಗಿಸಿದಷ್ಟೂ ರಕ್ತ. ಕೊಳೆತ ಬೂತಾಯಿ ಮೀನಿನ ಬುಟ್ಟಿಗೆ ಮುಖ ಇಟ್ಟ ಹಾಗಾಯಿತು ನನಗೆ.

ನಿನ್ನ ಅಪ್ಪ ಯೋಗೀಶ ಅದೇ ಒಲಿಂಡಾ ಬಾಯಿಯ ಕಿಟಕಿಯ ಸರಳು ಹಿಡಿದು ಸಿಡಿಲಣ್ಣನನ್ನು ನೋಡಿ ಬೆಳೆದವನು. ಯಾರನ್ನು ಕಾಪಾಡಿದರೂ ಸಿಡಿಲಣ್ಣ ಹಾರುವ ಮೊದಲು ಒಮ್ಮೆ ತಿರುಗಿ "ಎಲ್ಲರೂ ಬಂದರಾ?" ಎಂದು ಕೇಳುತ್ತಿದ್ದ. ಯೋಗೀಶ ದೊಡ್ಡವನಾಗಿ ಬೋಟು ನಡೆಸುವ ತಂಡೇಲನಾದ ಮೇಲೆ ಅದನ್ನೇ ಕೇಳುತ್ತಿದ್ದ. ಬಂದರಿಗೆ ಬಂದು ಇಳಿಯುವಾಗಲೂ "ಎಲ್ಲರೂ ಬಂದರಾ?" ಜೊತೆಯವರು "ಬಂದೆವು ಮಾರಾಯ, ನೀನು ಇಳಿ" ಎಂದು ನಗುತ್ತಿದ್ದರಂತೆ. ಆ ಗಾಳಿಯ ದಿನ ಬೋಟು ಮುಳುಗುವಾಗಲೂ ಹಾಗೆಯೇ ಕೇಳಿ, ಒಳಗೆ ಸಿಕ್ಕಿಬಿದ್ದ ಅಡಿಗೆಯವನನ್ನು ಹೊರಗೆ ದೂಡಿದ. ತಾನು ಬರಲಿಲ್ಲ.

ಇದೆಲ್ಲ ನಿನಗೆ ಗೊತ್ತುಂಟು. ಗೊತ್ತಿದ್ದೂ ಎಂತ ಬಿಡಿಸಿದಿ? ತಂಡೇಲನೊಬ್ಬ ಕೈಯೆತ್ತಿ ಕೂಗುತ್ತಾನೆ. ನಿನ್ನ ಸಿಡಿಲಣ್ಣ ಕಳ್ಳರ ಬೆನ್ನು ಹಿಡಿದವನು, ತಿರುಗಿಯೂ ನೋಡದೆ ಹಾರಿಹೋಗುತ್ತಾನೆ. ಮುಂದಿನ ಪುಟದಲ್ಲಿ ದಡದ ಮೇಲೆ ಹೆಣ. ಮೈಮೇಲೆ ನೀಲಿ ಚೌಕುಳಿ ಅಂಗಿ, ಹೆಗಲಲ್ಲಿ ಹಸಿರು ನೂಲಿನ ತೇಪೆ. ನೀಲಿ ನೂಲು ಮುಗಿದಿತ್ತೆಂದು ಹಸಿರಿನಲ್ಲಿ ಹೊಲಿದವಳು ನಾನು. ಆ ತೇಪೆಗೆ ಕೆನ್ನೆ ಇಟ್ಟು ನಿದ್ದೆ ಮಾಡಿದವಳು ನೀನು.

ಮಾರ್ಕೆಟಿನಲ್ಲಿ ಈ ಪುಟ ಬಂದದ್ದೇ, ಒಲಿಂಡಾ ಬಾಯಿ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಮೀನು ಕೊಳ್ಳದೆ ಹೋದರು.

"ಈಗಿನವರಿಗೆ ನಗುವ ಹೀರೋ ಸಾಕಾಗುವುದಿಲ್ಲ ಅಜ್ಜಿ, ಅವನ ಒಳಗೊಂದು ನೋವು ಇರಬೇಕು" ಎಂದು ಮೊನ್ನೆ ಫೋನಿನಲ್ಲಿ ಹೇಳಿದಿ. ಇರಲಿ. ಆದರೆ ನಮ್ಮ ಮನೆಯದನ್ನು ಕೇಳದೆ ಎತ್ತಿಕೊಂಡು ಹೋಗಿ ನಿನ್ನ ಆ ಗಡ್ಡದ ಸಿಡಿಲಣ್ಣನಿಗೆ ಯಾಕೆ ಕೊಟ್ಟಿ? ನನ್ನ ಮಗ ಸತ್ತದ್ದು ಅವನ ಮುಖ ಗಂಟಿಕ್ಕಲಿ ಎಂದಾ? ಥೂ!

ಪುಸ್ತಕ ಇಂಗ್ಲಿಷಿನಲ್ಲಿಯೂ ಬರುತ್ತದಂತೆ. ಅಷ್ಟರೊಳಗೆ ಆ ಎರಡು ಪುಟ ತೆಗಿ. ನಿನ್ನ ಕಂಪೆನಿಯ ಯಜಮಾನರು ಒಪ್ಪದಿದ್ದರೆ ಅಜ್ಜಿ ಬುಟ್ಟಿ ಹೊತ್ತುಕೊಂಡು ಆಫೀಸಿಗೇ ಬರುತ್ತಾಳೆ ಎಂದು ಹೇಳು. ಏಸಿ ಕೋಣೆಯಲ್ಲಿ ಬಂಗುಡೆಯ ವಾಸನೆ ಬೇಗ ಹೋಗುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬರೀ ಚಹಾ ಕುಡಿದು ಇರಬೇಡ. ನಿನ್ನ ಕೈಗೆ ಯಾರ ಕಣ್ಣೂ ತಾಗದಿರಲಿ. ಬೈದರೂ ನಿನ್ನವಳೇ,

ನಿನ್ನ ಅಜ್ಜಿ
ಅಪ್ಪಿ

ಮರೆತದ್ದು: ಹೆಣ ಸಿಗದ ಮಗನಿಗೆ ಉತ್ತರಕ್ರಿಯೆಯ ಬೊಜ್ಜ ಮಾಡಲು ನಾನು ಬಿಡಲಿಲ್ಲ. ಊರವರು ಹಠಮಾರಿ ಎಂದರು. ಕಣ್ಣಾರೆ ನೋಡದೆ ಸತ್ತನೆಂದು ಹೇಗೆ ಒಪ್ಪಲಿ? ಕಡಲು ತೋರಿಸಲಿಲ್ಲ, ಪೊಲೀಸರು ತೋರಿಸಲಿಲ್ಲ. ನೀನು ತೋರಿಸಿದಿ. ಮೂಗು, ಹಣೆ, ಎಲ್ಲ ಅವನದೇ. ಕಣ್ಣು ಮಾತ್ರ ತೆರೆದೇ ಬಿಡಿಸಿದ್ದಿಯಲ್ಲ ಮಗಾ. ದಿನಾ ಬೆರಳಿಟ್ಟು ಸವರುತ್ತೇನೆ, ಕಾಗದದಲ್ಲಿ ಅದು ಮುಚ್ಚುವುದಿಲ್ಲ. ಬಣ್ಣ ತೆಗೆದುಕೊಂಡು ಬಾ. ನನ್ನ ಎದುರಿಗೇ ಕೂತು ಅವನ ಕಣ್ಣು ಮುಚ್ಚು. ಆಮೇಲೆ ಬೊಜ್ಜ ಮಾಡುವ.