ಬಾನೆಟ್ ಎತ್ತುವ ಮೊದಲು

ಜುಲೈ ೪, ೧೯೭೮

ಬೆಳಗ್ಗೆ ಎರಡು ಫಿಯೆಟ್. ಗ್ಯಾರೇಜಿನ ಆಟ ಎಂದಿನಂತೆ — ಬಾನೆಟ್ ಎತ್ತುವ ಮೊದಲು ಶಬ್ದ ಕೇಳಿ ಇಂಜಿನ್ ಯಾವ ಕಾಲದ್ದೆಂದು ಹೇಳಬೇಕು. ಸೋತವನಿಂದ ಗೋಳಿಬಜೆ. ಕಂಕನಾಡಿಯಲ್ಲಿ ಇಷ್ಟು ವರ್ಷ ನಾನು ತಿಂದವನೇ ಹೊರತು ತಿನ್ನಿಸಿದವನಲ್ಲ. ಇವತ್ತು ತಿನ್ನಿಸಿದೆ. ಬೊಂಬಾಯಿಯಿಂದ ಬಂದ ಹೊಸ ಮಿಸ್ತ್ರಿ ಕಾಸಿಂ ಗೆದ್ದ. ನಿನ್ನೆ ಮೊನ್ನೆ ಬಂದವ!

ಧಣಿ ಚಿತ್ತರಂಜನ ರೈಗಳು ಅವನ ಬೆನ್ನು ತಟ್ಟಿದರು. ನನ್ನದೂ ಪಕ್ಕದಲ್ಲೇ ಇತ್ತು.

ಜುಲೈ ೯

ಕೊಟ್ಟಾರದಲ್ಲಿ ಧಣಿಯ ಹೊಸ ಗ್ಯಾರೇಜ್. ಹೆಡ್ ಮಿಸ್ತ್ರಿ ಬೇಕಂತೆ. ಅದು ನನಗೇ ಎಂದು ಹೆಂಡತಿಗೆ ಹೇಳಿಬಿಟ್ಟೆ. ನಳಿನಾಕ್ಷಿ ತವರಿಗೆಲ್ಲ ಸುದ್ದಿ ಮುಟ್ಟಿಸಿ ಆಯಿತು.

ಜುಲೈ ೧೦

"ಲೋಕಯ್ಯಣ್ಣ, ನಿಮ್ಮಿಂದ ಕಲೀಲಿಕ್ಕೆ ತುಂಬ ಉಂಟು," ಅಂದ ಕಾಸಿಂ. ಬೆಣ್ಣೆ ಹಚ್ಚುವುದು! ಅವನ ಒಳ್ಳೆ ಮಾತೂ ಗಂಟಲಲ್ಲಿ ಇಳಿಯುವುದಿಲ್ಲ. ಹೊಟ್ಟೆಕಿಚ್ಚು... ಹೌದು, ಮತ್ತೆಂತ?

ಜುಲೈ ೨೧

ಸಂಕಪ್ಪ ಶೆಟ್ರ ಅಂಬಾಸಿಡರ್ ಬಂತು. ಐವತ್ತೆಂಟರ ಗಾಡಿ. ಆ ವರ್ಷದವುಗಳಲ್ಲಿ ವಾಲ್ವ್ ಬದಿಯಲ್ಲಿ, ಆಮೇಲಿನವುಗಳಲ್ಲಿ ಮೇಲೆ. ಧಣಿ ಎದುರಿಗೇ ನಿಂತಿದ್ದರು. ಕಾಸಿಂ ಬಾಯಿ ತೆರೆಯುವ ಮೊದಲು ಹೇಳಬೇಕು... ಗಾಡಿ ಗೇಟಿನಲ್ಲಿರುವಾಗಲೇ ಮುಂದಿನ ಗ್ರಿಲ್ ನೋಡಿ ಕೂಗಿದೆ — "ಸೈಡ್ ವಾಲ್ವ್! ಕೇಳ್ಲಿಕ್ಕೆ ಎಂತ ಉಂಟು ಇದರಲ್ಲಿ?"

ಕಾಸಿಂ ಬಾನೆಟ್ಟಿಗೆ ಕಿವಿ ಕೊಟ್ಟ. ಮೆಲ್ಲನೆ ಹೇಳಿದ, "ಅಲ್ಲ ಲೋಕಯ್ಯಣ್ಣ, ಮೇಲೆ ಟಿಕ್ ಟಿಕ್ ಕೇಳ್ತದೆ. ಓವರ್‌ಹೆಡ್. ಯಾರೋ ಇಂಜಿನ್ ಬದಲಿಸಿದ್ದಾರೆ."

"ಬೊಂಬಾಯಿ ಕಿವಿ!" ಎಂದು ನಕ್ಕೆ. ಎಲ್ಲರೂ ಕೇಳುವಷ್ಟು ಜೋರಾಗಿ.

ಬಾನೆಟ್ ಎತ್ತಿದರು. ಓವರ್‌ಹೆಡ್ಡೇ.

ಶೆಟ್ರು ನನ್ನನ್ನು ನೋಡಿದರು. "ಎಂತ ಮಾರಾಯ ಲೋಕಯ್ಯ, ಅರುವತ್ತೈದರಲ್ಲಿ ಈ ಇಂಜಿನ್ ಕೂರಿಸಿದ್ದು ನೀನೇ ಅಲ್ವಾ?"

ಹೌದು. ನಾನೇ. ಮದುವೆಯಾದ ಹೊಸತು. ಟ್ರಯಲ್ ನೆಪದಲ್ಲಿ ನಳಿನಾಕ್ಷಿಯನ್ನು ಕೂರಿಸಿಕೊಂಡು ಕಾಟಿಪಳ್ಳದವರೆಗೆ ಹೋಗಿದ್ದೆ. ಇದೇ ಟಿಕ್ ಟಿಕ್ ಕೇಳುತ್ತಾ.

ಜುಲೈ ೩೦

ಕೊಟ್ಟಾರದ ಕೀಲಿಕೈ ಕಾಸಿಂನ ಕೈಗೆ. ಚಪ್ಪಾಳೆ ತಟ್ಟಿದೆ. ಎಲ್ಲರೂ ತಟ್ಟಿದರಲ್ಲ. ಮನೆಯಲ್ಲಿ ಹೇಳಿಲ್ಲ.

ಆಗಸ್ಟ್ ೨, ಸಂಜೆ

ನಾನು ಮನೆಗೆ ಹೊರಡುವಾಗ ಕಾಸಿಂ ಬಿಸಿ ಗೋಳಿಬಜೆಯ ಪೊಟ್ಟಣ ಕೈಗಿಟ್ಟ. "ಅಕ್ಕನಿಗೆ ಕೊಡಿ." ದಾರಿಯಲ್ಲಿ ಬಿಸಾಡಬೇಕಿತ್ತು. ಬಿಸಾಡಲಿಲ್ಲ.

ನಳಿನಾಕ್ಷಿ ಬಿಚ್ಚಿ ನೋಡಿದಳು. ಮುಖ ಅರಳಿತು. "ಓ! ಗೋಳಿಬಜೆ ತಂದಿದ್ದೀರಿ ಅಂದ್ರೆ ಕೊಟ್ಟಾರ ನಿಮಗೇ ಆಯ್ತಲ್ಲ? ಹೇಳ್ಲಿಕ್ಕೆ ಆಗೂದಿಲ್ವಾ?"

ನಾನು ಅವಳಿಗೆ ಒಂದು ತಿನ್ನಿಸಿದೆ, ಸೋತವನೇ ತಿನ್ನಿಸಬೇಕಲ್ಲ.