ಲೆಸನ್ ಪ್ಲಾನಿನ ಬಲಪುಟ

ನವೆಂಬರ್ 7, ಗುರುವಾರ. ಮೂರನೇ ಪೀರಿಯಡ್, ಬಿಡುವು

ಎಡಪುಟ: ಒಂಬತ್ತು ಬಿ, ಸಮೀಕರಣಗಳು. ಬಲಪುಟದ ಮೇಲೆ ‘ವಿಶೇಷ ಟಿಪ್ಪಣಿ’ ಎಂದು ಅಚ್ಚಾಗಿದೆ. ಇಪ್ಪತ್ತಾರು ವರ್ಷದಿಂದ ಅಲ್ಲಿ ಪಾಠದ ಬಗ್ಗೆ ಒಂದಕ್ಷರ ಬರೆದಿಲ್ಲ. ಬರೆದದ್ದೆಲ್ಲ ನನ್ನದು — ಮನೆ, ಪೇಪರು, ಸಿಟ್ಟು. ಜಗತ್ತಿನಲ್ಲಿ ಯಾರೂ ಓದದ ಪುಸ್ತಕ ಒಂದಿದ್ದರೆ ಅದು ಮೇಷ್ಟ್ರ ಲೆಸನ್ ಪ್ಲಾನ್. ಶನಿವಾರಕ್ಕೊಮ್ಮೆ ಹೆಡ್‌ಮಾಸ್ಟರ್ ಕೆಳಗೆ ಸೈನ್ ಹಾಕಿ, ತಾರೀಖು ಬರೆದು, ಸೀಲು ಒತ್ತುತ್ತಾರೆ. ಓದುವುದಿಲ್ಲ. ಹೋದ ವಾರ ‘ಹೆಡ್‌ಮಾಸ್ಟರ ಪ್ಯಾಂಟು ಗಿಡ್ಡವಾಗಿದೆ’ ಎಂದು ಬರೆದಿದ್ದೆ. ‘ಉತ್ತಮ’ ಎಂದು ಷರಾ ಬರೆದು ಕೊಟ್ಟರು.

ಇವತ್ತಿನ ಪೇಪರು: ನಾಯಕರೊಬ್ಬರು ನಾಲ್ಕನೇ ಸಲ ಪಕ್ಷ ಬದಲಿಸಿದ್ದಾರೆ. ಆತ್ಮಸಾಕ್ಷಿಯ ಕರೆಯಂತೆ. ಒಂಬತ್ತು ಬಿಯವರು ಜಾಗ ಬದಲಿಸಿದರೆ ‘ಬೋರ್ಡು ಕಾಣಲ್ಲ ಮಿಸ್’ ಅನ್ನುತ್ತಾರೆ. ಅವರೇ ವಾಸಿ, ಕಾರಣವಾದರೂ ನಂಬುವ ಹಾಗಿರುತ್ತದೆ.

ಎದುರು ಟೇಬಲ್ಲಿನಲ್ಲಿ ಸಮಾಜ ಪಾಠದ ಪೌಡರ್ ಮೇಷ್ಟ್ರು. ಕತ್ತಿನ ತುಂಬ ಪೌಡರು, ಅದಕ್ಕೇ ಆ ಹೆಸರು. ಸೀನಿಯರ್ ಅಂತ ಎಲ್ಲರ ಲೆಸನ್ ಪ್ಲಾನ್ ಕೂಡಿಸಿ ಸೈನಿಗೆ ಒಯ್ಯುವುದು ಅವರ ಕೆಲಸ. ಆರು ತಿಂಗಳಿಂದ ಭಾನುವಾರದ ಪೇಪರೊಂದರಲ್ಲಿ ಹಾಸ್ಯದ ಅಂಕಣ ಬೇರೆ ಬರೆಯುತ್ತಾರೆ. ನಾನು ಓದಿಲ್ಲ. ನಮ್ಮ ಮನೆಗೆ ಬರುವುದು ಬೇರೆ ಪೇಪರು... ಸುಳ್ಳೇಕೆ, ಹೊಟ್ಟೆಕಿಚ್ಚು. ಎದುರಿಗೆ ಕೂತರೆ ಶುಗರ್, ಬಿಪಿ ಬಿಟ್ಟು ಮಾತಿಲ್ಲದ ಮನುಷ್ಯ. ಎಲ್ಲಿಂದ ಬಂತೋ ಈ ಹಾಸ್ಯ.

ನವೆಂಬರ್ 10, ಭಾನುವಾರ. ಬೆಳಗ್ಗೆ

ಲೆಸನ್ ಪ್ಲಾನ್ ಸ್ಕೂಲಿನಲ್ಲಿದೆ. ಕೈಗೆ ಸಿಕ್ಕ ಹಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ.

ಮಗಳು ರಾತ್ರಿ ಡ್ಯೂಟಿ ಮುಗಿಸಿ, ಕೆಲಸದ ಲ್ಯಾಬಿನಿಂದ ಆ ಪೇಪರು ತಂದಿದ್ದಳು. ಕಾಫಿ ಕುಡಿಯುತ್ತ ಜೋರಾಗಿ ಓದಿದಳು.

“ಅಮ್ಮ, ಕೇಳಿಲ್ಲಿ. ನಿಮ್ಮ ಪೌಡರ್ ಮೇಷ್ಟ್ರು ಬರ್ದಿರೋದು. ಪಕ್ಕದ ಮನೆಯವರೊಬ್ರು ಆಸ್ಪತ್ರೇಲಿ ಮಲ್ಕೊಂಡು ಟೀವಿ ನೋಡ್ತಿದಾರೆ. ಒಂದೇ ಸೇತುವೆಯನ್ನ ಮಂತ್ರಿ ಮೂರನೇ ಸಲ ಉದ್ಘಾಟನೆ ಮಾಡ್ತಿದಾನೆ. ಇವ್ರು ಹೆಂಡ್ತಿಗೆ ಹೇಳ್ತಾರೆ, ‘ನೋಡೇ, ಸೇತುವೆಗೂ ಮೂರು ಚಾನ್ಸು. ಡಾಕ್ಟರು ನನಗೆ ಒಂದೂ ಇಲ್ಲ ಅಂತಾನೆ!’ ಎಂಥಾ ತಲೆ ಅಮ್ಮ ಈ ಮನುಷ್ಯಂದು!”

ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು.

ಪಕ್ಕದ ಮನೆಯವರಲ್ಲ ಕಣೇ. ನಿನ್ನ ಅಪ್ಪ. ಎರಡು ವರ್ಷದ ಹಿಂದೆ, ಸಂಜೆ ಆರರ ವಾರ್ತೆ. ವಾರ್ಡಿನಲ್ಲಿದ್ದವಳು ನಾನೊಬ್ಬಳು. ಅವಳಿಗೆ ಹೇಳಿರುವುದೇ ಬೇರೆ — ಅಪ್ಪ ನಿದ್ದೆಯಲ್ಲೇ ಹೋದರು, ಮಾತೇ ಆಡಲಿಲ್ಲ. ಮಾರನೇ ದಿನ ಅವಳ ಕೊನೇ ಪರೀಕ್ಷೆ. ಹಾಸ್ಟೆಲಿಗೆ ಫೋನ್ ಮಾಡಬೇಡ ಎಂದರು, ಮಾಡಲಿಲ್ಲ. ಆ ಸಂಜೆ ಇದ್ದದ್ದು ನನ್ನ ತಲೆಯಲ್ಲಿ, ಮತ್ತೆ ಆ ವರ್ಷದ ಲೆಸನ್ ಪ್ಲಾನಿನ ಬಲಪುಟದಲ್ಲಿ. ಇನ್ನೆಲ್ಲೂ ಇಲ್ಲ.

ಅವಳ ಜೊತೆ ನಾನೂ ನಕ್ಕೆ. ನಗಲೇಬೇಕಿತ್ತು.

ನವೆಂಬರ್ 11, ಸೋಮವಾರ

ಹಳೇ ಲೆಸನ್ ಪ್ಲಾನುಗಳನ್ನು ಮೂರು ವರ್ಷ ಸ್ಟಾಫ್‌ರೂಮಿನ ಬೀರುವಿನಲ್ಲಿ ಇಡಬೇಕು, ಇನ್‌ಸ್ಪೆಕ್ಷನ್ನಿಗೆ. ಬೀರುವಿನ ಬೀಗದ ಕೈ ಸೀನಿಯರ್ ಹತ್ತಿರ. ಏನೋ ನೆಪ ಹೇಳಿ ಇಸಕೊಂಡು ತೆಗೆದೆ. ಆ ಪುಟದ ಮೂಲೆ ಮಡಚಿದೆ. ಅಂಥ ಇನ್ನೂ ಇಪ್ಪತ್ತು ಪುಟಗಳ ಮೂಲೆ ಮಡಚಿದೆ.

ಥೂ. ಇವತ್ತಿನಿಂದ ಅವನಿಗೆ ಬಹುವಚನ ರದ್ದು. ನನ್ನ ಮಾತೆಲ್ಲ ಇನ್ನು ಮನೆಯ ಈ ನೋಟ್‌ಬುಕ್ಕಿಗೇ.

ಆದರೆ ಮೂಲೆ ಮಡಚಿದ್ದು ಸಾಕ್ಷಿಯಲ್ಲ. ಕಾಪಿ ಹಿಡಿಯುವುದು ನನಗೇನು ಹೊಸದೇ? ಸರಿ ಉತ್ತರ ಎಲ್ಲರದ್ದೂ ಒಂದೇ ಇರುತ್ತದೆ. ಹಿಡಿಯಬೇಕಾದ್ದು ತಪ್ಪು ಉತ್ತರವನ್ನು. ಇಬ್ಬರ ತಪ್ಪು ಒಂದೇ ಆದರೆ ಒಬ್ಬ ಕಳ್ಳ.

ಅವನು ಓದಲೆಂದೇ ಈ ವಾರದ ಲೆಸನ್ ಪ್ಲಾನಿನ ಬಲಪುಟದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದೆ: ‘ಹೆಡ್‌ಮಾಸ್ಟರ ಪ್ರಾರ್ಥನೆ ಭಾಷಣ ದಿನಕ್ಕೆ 17 ನಿಮಿಷ. ವರ್ಷಕ್ಕೆ 220 ದಿನ. ಒಟ್ಟು 4,740 ನಿಮಿಷ, ಅಂದರೆ 79 ಗಂಟೆ. ಮಕ್ಕಳು ಮೂರು ದಿನ ಏಳು ಗಂಟೆ ಬಿಸಿಲಲ್ಲಿ ನಿಂತು ಶಿಸ್ತು ಕಲಿಯುತ್ತಾರೆ.’

ಸರಿಯಾದ ಲೆಕ್ಕ 3,740. ಸಮಾಜದವರು ಗುಣಿಸಿ ನೋಡುವುದಿಲ್ಲ.

ನವೆಂಬರ್ 24, ಭಾನುವಾರ

79 ಗಂಟೆ! ಮೂರು ದಿನ ಏಳು ಗಂಟೆ! ಅಕ್ಷರಕ್ಕೆ ಅಕ್ಷರ. ‘ನನಗೆ ಗೊತ್ತಿರುವ ಒಬ್ಬ ಹೆಡ್‌ಮಾಸ್ಟರು’ ಅಂತ ಸೇರಿಸಿದ್ದಾನೆ, ಅದೊಂದೇ ಅವನ ಸ್ವಂತದ್ದು.

ಎದ್ದು ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿದೆ. ಇಷ್ಟು ಖುಷಿಯಾಗಿ ಎಷ್ಟು ದಿನವಾಗಿತ್ತು.

ನವೆಂಬರ್ 25, ಸೋಮವಾರ

ಸ್ಟಾಫ್ ಮೀಟಿಂಗ್. ಹೆಡ್‌ಮಾಸ್ಟರು ಪೇಪರು ಹಿಡಿದೇ ಬಂದರು.

“ಹದಿನೇಳು ನಿಮಿಷ ಅನ್ನೋದು ಶುದ್ಧ ಸುಳ್ಳು! ನಾನು ವಾಚ್ ನೋಡ್ಕೊಂಡೇ ಮಾತಾಡೋದು, ಹನ್ನೆರಡು!”

ನಿಮ್ಮ ಹೆಸರು ಎಲ್ಲಿ ಬಂತು ಸ್ವಾಮಿ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪೌಡರ್ ಎದ್ದು ನಿಂತು, “ಅಯ್ಯೋ ಸರ್, ಅದು ಬೇರೆ ಸ್ಕೂಲು, ನಿಮ್ಮಾಣೆ” ಅಂದ. ಕತ್ತಿನ ಪೌಡರೆಲ್ಲ ಬೆವರಿಗೆ ಕೆಸರಾಗಿತ್ತು. ನೋಡಲು ಹಿತವಾಗಿತ್ತು. ಆದರೆ ಇಷ್ಟಕ್ಕೆ ಬಿಡುವವಳಲ್ಲ ನಾನು.

ಡಿಸೆಂಬರ್ 1, ಭಾನುವಾರ

ಅಂಕಣಗಳೆಲ್ಲ ಪುಸ್ತಕವಾಗುತ್ತಿವೆ. ಹದಿನಾಲ್ಕಕ್ಕೆ ಸ್ಕೂಲಿನ ಹಾಲಿನಲ್ಲೇ ಬಿಡುಗಡೆ. ಮೊನ್ನೆ ಪ್ರೂಫಿನ ಕಟ್ಟು ತಂದು ನನ್ನ ಟೇಬಲ್ ಮೇಲಿಟ್ಟ.

“ಮೇಡಂ, ನಿಮ್ಮ ಕಣ್ಣು ಸೂಕ್ಷ್ಮ. ತಪ್ಪಿದ್ರೆ ತಿದ್ದಿ ಕೊಡಿ.”

ನನ್ನ ಮನೆಯಲ್ಲಿ ಕದ್ದ ಕೊಡ ನನ್ನ ಕೈಯಲ್ಲೇ ತೊಳೆಸುತ್ತಾನಲ್ಲ!

ನಲವತ್ತೊಂದನೇ ಪುಟದಲ್ಲಿ ಸೇತುವೆ. ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆದು ‘ಇದು ಬೇಡ ಸರ್, ಸಪ್ಪೆ’ ಎಂದಿದ್ದರೆ ತೆಗೆಯುತ್ತಿದ್ದ. ಆ ಸಂಜೆ ಅಲ್ಲಿಗೆ ಮುಚ್ಚಿಹೋಗುತ್ತಿತ್ತು. ಗೆರೆ ಎಳೆಯಲಿಲ್ಲ. ಗೆರೆ ಎಳೆದರೆ ಅವನು ತಪ್ಪಿಸಿಕೊಳ್ಳುತ್ತಾನೆ. ನನಗೆ ಅವನು ಬೀಳಬೇಕು, ನಾಲ್ಕು ಜನರ ಎದುರು, ಹಾರ ಹಾಕಿಕೊಂಡಿರುವಾಗಲೇ.

ಮಗಳು, “ನಾನೂ ಬರ್ತೀನಮ್ಮ, ಅವರ ಆಟೋಗ್ರಾಫ್ ಬೇಕು” ಅಂದಳು. ಬೇಡ ಬೋರು ಎಂದರೆ ಕೇಳಲಿಲ್ಲ. ಅವಳಪ್ಪನ ಹಟ.

ಡಿಸೆಂಬರ್ 13, ಶುಕ್ರವಾರ

ವಂದನಾರ್ಪಣೆ ನನಗೆ ಕೊಟ್ಟಿದ್ದಾರೆ. ಹೆಂಗಸರಿಗೆ ಅದೇ ತಾನೇ ಕೊಡುವುದು, ಜನ ಚಪ್ಪಲಿ ಹುಡುಕುವ ಹೊತ್ತಿನ ಕೆಲಸ. ಕೊಡಲಿ.

ಹಳೇ ಲೆಸನ್ ಪ್ಲಾನ್ ಬ್ಯಾಗಿನಲ್ಲಿದೆ. ಮೊದಲ ನಾಲ್ಕು ಸಾಲು, ಸೇತುವೆಯ ಮಾತು ಮುಗಿಯುವವರೆಗೆ ಮಾತ್ರ ಓದುವುದು. ಕೆಳಗೆ ಫೋನಿನ ವಿಷಯ ಇದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇನೆ. ಮಗಳಿಗೆ ‘ಅಪ್ಪ ಹಿಂದೆ ಯಾವಾಗಲೋ ಆಡಿದ ಜೋಕು’ ಎಂದರಾಯಿತು. ಯಾರದ್ದು ಎಂಬುದು ಎಲ್ಲರಿಗೂ ಗೊತ್ತಾದರೆ ಸಾಕು.

ಡಿಸೆಂಬರ್ 14, ಶನಿವಾರ. ಸಂಜೆ ಐದು

ಬರೆದುಬಿಡಬೇಕು.

ಹಾಲು ತುಂಬಿತ್ತು. ಮಗಳು ಮೂರನೇ ಸಾಲು. ಅವನ ಕೊರಳಲ್ಲಿ ಹಾರ. ಮೈಕಿನ ಮುಂದೆ ನಿಂತು ಹೇಳಿದೆ:

“ಮೊದಲನೆಯದಾಗಿ, ಇಪ್ಪತ್ತಾರು ವರ್ಷದಲ್ಲಿ ನನ್ನ ಲೆಸನ್ ಪ್ಲಾನ್ ಓದಿದ ಏಕೈಕ ವ್ಯಕ್ತಿಗೆ ಧನ್ಯವಾದ. ಅವರು ಇಲ್ಲೇ ಹಾರ ಹಾಕ್ಕೊಂಡು ಕೂತಿದ್ದಾರೆ.”

ಜನ ನಕ್ಕರು. ಅವನೂ ನಕ್ಕ, ಅರ್ಥವಾಗದೆ. 79 ಗಂಟೆಯ ಲೆಕ್ಕ ಹೇಳಿ, ಎಲ್ಲಿ ತಪ್ಪಿದೆ, ಆ ತಪ್ಪನ್ನು ಮೊದಲು ಯಾರು ಬರೆದದ್ದು ಎಂದು ವಿವರಿಸಿದೆ. ನಗು ನಿಂತಿತು. ಆಮೇಲೆ ಹಳೇ ಪುಸ್ತಕ ತೆಗೆದು ನಾಲ್ಕು ಸಾಲು ಓದಿದೆ. ಪೆನ್ಸಿಲ್ ಗುರುತಿಗೆ ನಿಲ್ಲಿಸಿದೆ. ಸರಿಯಾಗಿ ನಿಲ್ಲಿಸಿದ್ದೆ.

ಅವನು ಎದ್ದ. “ನನ್ನ ಅಂಕಣ ನೋಡಿ ಈಗ ಬರ್ಕೊಂಡಿದ್ದಾರೆ. ನಾಲ್ಕು ಸಾಲು ಯಾರು ಬೇಕಾದ್ರೂ ಬರೀಬಹುದು!”

“ಹೆಡ್‌ಮಾಸ್ಟರ ಸೈನ್ ಇದೆ. ಎರಡು ವರ್ಷದ ಹಿಂದಿನ ತಾರೀಖು ಇದೆ. ಸೀಲೂ ಇದೆ.”

ಹೆಡ್‌ಮಾಸ್ಟರು ಎದ್ದು ಬಂದರು. 79 ಗಂಟೆಯ ಉರಿ ಅವರಿಗಿನ್ನೂ ಆರಿರಲಿಲ್ಲ. ಪುಸ್ತಕ ಇಸಕೊಂಡು, ಕನ್ನಡಕ ಏರಿಸಿ, “ಸೈನ್ ನನ್ನದೇ” ಅಂದರು. “ನಾಲ್ಕೇ ಸಾಲಲ್ಲ, ಪುಟದ ತುಂಬ ಇದೆ. ಪೂರ್ತಿ ಓದ್ಲಾ ಮೇಡಂ?”

ಆಗ ನಾನು ಪೌಡರಿನ ಮುಖ ನೋಡುತ್ತಿದ್ದೆ. ಸುಣ್ಣದ ಗೋಡೆಯಾಗಿತ್ತು. ಕೈ ಹಾರವನ್ನು ತೆಗೆಯಲೋ ಬೇಡವೋ ಅನ್ನುತ್ತಿತ್ತು. ನನಗೆ ಇನ್ನಷ್ಟು ಬೇಕಿತ್ತು. ಇನ್ನೊಂದು ಏಟು, ಅವನು ಮತ್ತೆ ಏಳದ ಹಾಗೆ.

“ಓದಿ ಸರ್,” ಅಂದೆ.

ಜನ್ಮದಲ್ಲಿ ಮೊದಲ ಬಾರಿಗೆ ಓದಿದರು. ಮೈಕಿನಲ್ಲಿ, ಪ್ರಾರ್ಥನೆಯ ದನಿಯಲ್ಲಿ, ಅಲ್ಪವಿರಾಮಕ್ಕೂ ನಿಂತು ನಿಂತು. ‘ಸಂಜೆ ಆರಕ್ಕೆ, ಮಗಳಿಗೆ ಫೋನ್ ಮಾಡಲಾ ಎಂದೆ. ನಾಳೆ ಪರೀಕ್ಷೆ, ಬೇಡ ಎಂದರು. ಮಾಡಲಿಲ್ಲ. ರಾತ್ರಿ ಹತ್ತಕ್ಕೆ ಹೋದರು. ಅವಳಿಗೆ ನಿದ್ದೆಯಲ್ಲಿ ಎಂದು ಹೇಳಿದ್ದೇನೆ.’

ಎರಡನೇ ವಾಕ್ಯಕ್ಕೇ ಕೈ ಚಾಚಿದ್ದೆ. ಹೆಡ್‌ಮಾಸ್ಟರು ಪುಟದಿಂದ ತಲೆ ಎತ್ತಲಿಲ್ಲ. ಪೌಡರ್ ತಲೆ ತಗ್ಗಿಸಿದ್ದ. ಸೋತಿದ್ದಾನೆ. ಸಂಪೂರ್ಣ ಸೋತಿದ್ದಾನೆ. ತನ್ನ ಪುಸ್ತಕ ಹಿಂತೆಗೆದುಕೊಳ್ಳುವುದಾಗಿ ಅಲ್ಲೇ ಬರೆದುಕೊಟ್ಟ.

ಮೂರನೇ ಸಾಲಿನಲ್ಲಿ ಮಗಳ ಕುರ್ಚಿ ಖಾಲಿ ಇತ್ತು.

ಡಿಸೆಂಬರ್ 15, ಭಾನುವಾರ

ಮಗಳು ಬೆಳಗ್ಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

“ಆರು ಗಂಟೆಗೆ ಮಾತಾಡ್ತಿದ್ರು. ಹತ್ತಕ್ಕೆ ಹೋದ್ರು. ಹಾಸ್ಟೆಲ್‌ನಿಂದ ಎರಡೂವರೆ ಗಂಟೆ ದಾರಿ. ನೀನು ಲೆಕ್ಕದ ಟೀಚರು. ಹೇಳು.”

“ಅವರೇ ಬೇಡ ಅಂದ್ರು ಪುಟ್ಟಿ.”

“ಅದು ಅಪ್ಪ ಹೇಳಿದ್ದೋ, ನೀನು ಬರ್ಕೊಂಡಿದ್ದೋ?”

“ನನ್ನ ಮಾತು ನಂಬಲ್ವಾ?”

“ನಂಬ್ತೀನಿ ಬಿಡು. ಹೆಡ್‌ಮಾಸ್ಟರ್ ಸೈನ್ ಇದೆಯಲ್ಲ.”

ಒಳಗೆ ಹೋದಳು. ಬಾಗಿಲು ಹಾಕಿಕೊಂಡಿದ್ದಾಳೆ.

ಮಧ್ಯಾಹ್ನ ಎರಡು

ಎಡಿಟರು ಫೋನ್ ಮಾಡಿದ್ದರು. ಅಂಕಣ ಇನ್ನು ನಿಮ್ಮ ಹೆಸರಲ್ಲೇ ಬರಲಿ ಮೇಡಂ, ಎಂದರು. ಆಮೇಲೆ ಹೇಳುತ್ತೇನೆ ಎಂದೆ.

ಆರು ಗಂಟೆಗೆ ಬೇಡ ಎಂದದ್ದು ನಿಜ. ದೇವರಾಣೆ ನಿಜ. ಆ ಪುಟದಲ್ಲಿರುವುದೆಲ್ಲ ನಿಜ. ಆದರೆ ಎಂಟಕ್ಕೆ ಇನ್ನೊಂದು ಸಲ ಮಾತಾಡಿದರು. ಅದನ್ನು ಬಲಪುಟದಲ್ಲಿ ಬರೆಯಲಿಲ್ಲ. ಎಲ್ಲೂ ಬರೆದಿಲ್ಲ, ಅದಕ್ಕೇ ಯಾರೂ ಕದಿಯಲಿಲ್ಲ. ಟೀವಿ ಆರಿಸಿದ್ದೆ. ಬಾಗಿಲ ಕಡೆ ನೋಡಿದರು. ಯಾಕೆ ಎಂದೆ. ನನ್ನ ಕೈ ಹಿಡಿದು, ‘ಪುಟ್ಟಿ ಇನ್ನೂ ಬರಲಿಲ್ವಾ’ ಎಂದರು. ಫೋನು ನನ್ನ ಮಡಿಲಲ್ಲೇ ಇತ್ತು. ನಾನು...