ಕೆಂಪು ಹಗ್ಗ ಎಡಕ್ಕೆ

ಅಣ್ಣಾ,

ಎಷ್ಟು ತಟ್ಟಿದರೂ ನೀನು ಬಾಗಿಲು ತೆಗೆಯುವುದಿಲ್ಲ. ಅದಕ್ಕೇ ಈ ಪತ್ರವನ್ನು ಸಂದಿಯಲ್ಲಿ ತೂರಿಸುತ್ತಿದ್ದೇನೆ. ನಿನ್ನನ್ನು ಕೇಳದೆ ಅಟ್ಟದಿಂದ ನಿನ್ನ ಕೈಟ್‌ಸರ್ಫಿಂಗ್ ಸಾಮಾನು ಇಳಿಸಿದ್ದೇನೆ: ಸಮುದ್ರದ ಮೇಲೆ ನಿನ್ನನ್ನು ಎಳೆದೊಯ್ಯುತ್ತಿದ್ದ ಆ ಗಾಳಿಪಟ, ಹಲಗೆ, ಸೊಂಟದ ಪಟ್ಟಿ, ಹೆಲ್ಮೆಟ್. ಬೈಯುವುದಿದ್ದರೆ ಆಮೇಲೆ ಬೈ. ಗಾಳಿ ಬೀಸಿದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಸೊಂಟದ ಪಟ್ಟಿ ಎಷ್ಟು ಬಿಗಿದರೂ ಕಂಕುಳಿಗೇ ಏರುತ್ತದೆ. ಹೆಲ್ಮೆಟ್ಟಿನಲ್ಲಿ ಕಣ್ಣು, ಕಿವಿ ಎರಡೂ ಮುಚ್ಚಿಹೋಗುತ್ತವೆ. ಅಮ್ಮ ನೋಡಿ, "ಇವಳೊಬ್ಬಳು ಬಾಕಿ ಇದ್ಲು" ಅಂದು ಒಳಗೆ ಹೋದಳು.

ಹಲಗೆ ದೊಡ್ಡದಿದ್ದರೆ ಹೊಸಬರಿಗೆ ಸುಲಭ ಎಂದು ನೀನೇ ಹಿಂದೆ ಹೇಳಿದ್ದೆ. ಗಾಳಿಪಟವೂ ಹಾಗೇ ಇರಬೇಕು ಎಂದುಕೊಂಡು ಮೊನ್ನೆ ನಿನ್ನ ಹನ್ನೆರಡು ಚದರ ಮೀಟರಿನ ದೊಡ್ಡದನ್ನೇ ಮನೆ ಮುಂದಿನ ಮರಳಿನಲ್ಲಿ ಹರಡಿ ಹಗ್ಗ ಕಟ್ಟುತ್ತಿದ್ದೆ. ಮಹಡಿಯಲ್ಲಿ ನಿನ್ನ ಕಿಟಕಿ ಧಡಾರನೆ ತೆರೆಯಿತು.

"ಏ ಕತ್ತೆ! ಕೆಂಪು ಹಗ್ಗ ಎಡಕ್ಕೆ! ಈ ಗಾಳಿಗೆ, ನಿನ್ನ ತೂಕಕ್ಕೆ ಹನ್ನೆರಡಾ? ಎಂಟು ಸಾಕು!"

ಗಾಳಿ ನಿನ್ನನ್ನು ಬಂಡೆಗೆ ಅಪ್ಪಳಿಸಿ ನಾಲ್ಕು ತಿಂಗಳಾಯಿತು, ಕಾಲಿನ ಪ್ಲಾಸ್ಟರ್ ಬಿಚ್ಚಿ ಎರಡು. ಇಷ್ಟು ದಿನದಲ್ಲಿ ನೀನು ಆಡಿದ ಮೊದಲ ಮಾತು ಅದು. ಅಮ್ಮ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದಿದ್ದಳು.

ಎಂಟು ಮೀಟರಿನದೂ ಅಟ್ಟದಲ್ಲಿ ಸಿಕ್ಕಿತು. ಅಲ್ಲೇ ಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಆರೂವರೆಗೆ ಹನ್ನೆರಡನ್ನೇ ಹರಡುತ್ತೇನೆ, ಕೆಂಪನ್ನು ಬಲಕ್ಕೇ ಕಟ್ಟುತ್ತೇನೆ. ಕಿಟಕಿಯಿಂದ ಕೂಗಿ ಪ್ರಯೋಜನವಿಲ್ಲ, ಹೆಲ್ಮೆಟ್ ಹಾಕಿಕೊಂಡಿರುತ್ತೇನೆ.

ಮೆಟ್ಟಿಲು ಹದಿನಾಲ್ಕಿವೆ. ಇಳಿಯುವಾಗ ಕಂಬಿ ಹಿಡಿದುಕೋ.

ಇಂತಿ,
ನಿನ್ನ ಕತ್ತೆ